ಸಹಾಯ ಬೇಕು: ‘ಅಸಮ್ಮತಿ’ಯೋ ‘ಒಪ್ಪಿಗೆಯಿಲ್ಲದ’ವೋ?

ಎಲ್ಲರಿಗೂ ನಮಸ್ಕಾರ. ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಹಂಚುವ ಒಂದು ಪುಟದ ಕರಪತ್ರಕ್ಕೆ ‘ನಾನ್ ಕನ್ಸೆನ್ಶುವಲ್’ (ಒಬ್ಬರ ಒಪ್ಪಿಗೆ ಇಲ್ಲದೆ ಮಾಡಿದ್ದು) ಎಂಬ ಇಂಗ್ಲಿಷ್ ಮಾತಿಗೆ ಕನ್ನಡ ಪದ ಗಟ್ಟಿ ಮಾಡಬೇಕಿದೆ.

ಕರಡಿನಲ್ಲಿ ‘ಅಸಮ್ಮತಿ’ ಎಂದಿದೆ. ತೊಡಕು ಇಲ್ಲೇ. ಅಸಮ್ಮತಿ ಎಂದರೆ ಒಪ್ಪದಿರುವುದನ್ನು ತಿಳಿಸಿದ ಹಾಗೆ ಕೇಳಿಸುತ್ತದೆ. ‘ಫೋಟೊ ಹಾಕಲು ಅಸಮ್ಮತಿ ಸೂಚಿಸಿದಳು’ ಎಂದರೆ ಅವಳನ್ನು ಕೇಳಿದ್ದರು, ಅವಳು ಬೇಡ ಎಂದಳು. ‘ಅವಳ ಒಪ್ಪಿಗೆಯಿಲ್ಲದೆ ಫೋಟೊ ಹಾಕಿದರು’ ಎಂದರೆ ಕೇಳದೇ ಇದ್ದದ್ದೂ ಸೇರುತ್ತದೆ. ನಿದ್ದೆ, ಅಮಲು, ಹೆದರಿಕೆಯಿಂದ ಬಾಯಿ ಬಾರದ ಸ್ಥಿತಿಯೂ ಸೇರುತ್ತದೆ. ‘ಬಲವಂತ’ ಇನ್ನೂ ಕಿರಿದು, ಕೈ ಹಿಡಿದು ಎಳೆದರೆ ಮಾತ್ರ ತಪ್ಪು ಎಂಬ ಅರ್ಥ ಬಂದುಬಿಡುತ್ತದೆ. ‘ಸಮ್ಮತಿರಹಿತ’ ಸರಿಯೇ, ಆದರೆ ಕಚೇರಿ ಕಡತದ ವಾಸನೆ!

‘ಮೌನಂ ಸಮ್ಮತಿ ಲಕ್ಷಣಂ’ ಅನ್ನುವ ರೂಢಿ ಮಾತನ್ನೂ ಕರಡಿನಿಂದ ತೆಗೆಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮು, ಅತ್ಯಾಚಾರದ ವಿಷಯದಲ್ಲಿ, ಮೈಯಿಂದ ಪ್ರತಿರೋಧಿಸಲಿಲ್ಲ ಎಂದ ಮಾತ್ರಕ್ಕೆ ಅದು ಸಮ್ಮತಿಯಲ್ಲ ಎನ್ನುತ್ತದೆ. 18 ತುಂಬದವರ ಸಮ್ಮತಿ ಅಲ್ಲಿ ಲೆಕ್ಕಕ್ಕೇ ಇಲ್ಲ.

ಸದ್ಯಕ್ಕೆ ‘ಒಪ್ಪಿಗೆಯಿಲ್ಲದ’ ಎಂದೇ ಇಟ್ಟಿದ್ದೇವೆ. ಎರಡು ಸಹಾಯ ಬೇಕು. ಶೀರ್ಷಿಕೆಗೆ ಒಂದೇ ಪದ ಬೇಕೆಂದರೆ ಯಾವುದು? ಕೊಡವ ತಕ್ಕ್, ಅರೆಭಾಷೆ ಆಡುವವರು ಮನೆಯಲ್ಲಿ ಇದಕ್ಕೆ ಏನನ್ನುತ್ತೀರಿ? ಒಂದು ಪೂರ್ತಿ ವಾಕ್ಯದಲ್ಲೇ ಬರೆದು ತಿಳಿಸಿ, ಬರೀ ಪದ ಸಾಲದು.