ಮನೆ ಗ್ರೂಪಲ್ಲಿ ಐಟಿ ನೋಟಿಸ್ ಗಲಾಟೆ

ಸುಂಟಿಕೊಪ್ಪ ಭಾವ: (ಫಾರ್ವರ್ಡ್) ಕಾಫಿ ಬೆಳೆಗಾರರೇ ಎಚ್ಚರ!! ಇನ್ಕಮ್ ಟ್ಯಾಕ್ಸ್ ನೋಟಿಸಿಗೆ 7 ದಿನದಲ್ಲಿ ಪತ್ರ ಬರೀದಿದ್ರೆ ತೋಟ ಜಪ್ತಿ!! ಎಲ್ಲರಿಗೂ ಕಳಿಸಿ 🙏

ಸುಂಟಿಕೊಪ್ಪ ಭಾವ: ನಾನು ಆಗ್ಲೇ ಹೇಳಿದ್ದೆ

ಮೈಸೂರು ಪುಟ್ಟಿ: ಭಾವ ಇದು ಎಲ್ಲಿಂದ ಬಂತು, ಯಾವ ಸೆಕ್ಷನ್? ಇಲಾಖೆ ಕಾಗದ ಆದ್ರೆ ಡಿಐಎನ್ ಅಂತ ಕಾಗದದ ಗುರುತಿನ ನಂಬರ್ ಇರ್ಬೇಕು, 2019 ಅಕ್ಟೋಬರಿಂದ ಹಾಗೆ, ಇಲಾಖೆ ಪೋರ್ಟಲಲ್ಲಿ ಹಾಕಿ ನೋಡಿದ್ರೆ ಅಸಲಿನಾ ನಕಲಿನಾ ಗೊತ್ತಾಗುತ್ತೆ. ಗಡುವೂ ಎಲ್ಲದಕ್ಕೂ ಒಂದೇ ಅಲ್ಲ, ರಿಟರ್ನ್ ಸರಿ ಇಲ್ಲ ಅಂತ ಬಂದ್ರೆ 15 ದಿನ, ಲೆಕ್ಕ ತಾಳೆ ಆಗ್ತಿಲ್ಲ ಅಂದ್ರೆ 30

ಸುಂಟಿಕೊಪ್ಪ ಭಾವ: ಕರಿಮೆಣಸು ರೇಟ್ ಹಾಕಿದಾಗ್ಲೂ ನೀನು ಹಿಂಗೇ ಮಾಡಿದ್ದೆ

ದೊಡ್ಡಪ್ಪ: ಸರ್ಕಾರದ ಕಾಗದಕ್ಕೆ ಉತ್ತರ ಬರೀಬೇಕು, ಅದು ಮರ್ಯಾದೆ. ನಮ್ಮಪ್ಪ ಕಂದಾಯದ ಚೀಟಿ ಬಂದ್ರೂ ಅವತ್ತೇ ಕೂತು ಬರೆದು ಮಡಿಕೇರಿಗೆ ಹೋಗಿ ರಿಜಿಸ್ಟರ್ ಮಾಡಿ ಬರೋರು. ಈಗಿನವ್ರು ಕವರ್ರೇ ಒಡೆಯಲ್ಲ.

ಕುಶಾಲನಗರ ತಮ್ಮ: ಅಯ್ಯೋ ದೊಡ್ಡಪ್ಪ ಆ ದಿನಗಳು!! ಮಳೇಲಿ ಪೋಸ್ಟ್‌ಮ್ಯಾನ್ ಮೆಟ್ಲ ಮೇಲೆ ಕೂತು ಕಾಲಿಂದ ಜಿಗಣೆ ಕಿತ್ತು ಹಾಕೋದು, ಅಜ್ಜಿ ಬೆಲ್ಲದ ಕಾಫಿ ಕೊಡೋದು, ಅಜ್ಜ ಅಕ್ನಾಲೆಜ್‌ಮೆಂಟ್ ಕಾರ್ಡ್ ಬಂತಾ ಅಂತ ಕೇಳ್ತಾನೇ ಇರೋದು. ಈಗ ರಿಜಿಸ್ಟರ್ಡ್ ಪೋಸ್ಟೇ ಸ್ಪೀಡ್ ಪೋಸ್ಟಿಗೆ ಸೇರ್ಹೋಯ್ತು 😔

ವಿರಾಜಪೇಟೆ ಚಿಕ್ಕಪ್ಪ: ಪಾಲಾದ್ಮೇಲೆ ಬಂದ ಕಾಗದ ಎಲ್ಲಾ ಯಾರ ಬೀರು ಸೇರ್ತು ಅಂತಾನೂ ಅಣ್ಣ ಹೇಳ್ಲಿ

ದೊಡ್ಡಪ್ಪ: ಆ ಮಾತು ಇಲ್ಲಿ ಬೇಡ.

ವಿರಾಜಪೇಟೆ ಚಿಕ್ಕಪ್ಪ: ನಾನು ಬಾಯಿ ಬಿಟ್ರೆ ಮಾತ್ರ ಬೇಡ ಅಲ್ವಾ

(ವಿರಾಜಪೇಟೆ ಚಿಕ್ಕಪ್ಪ ಗುಂಪಿನಿಂದ ಹೊರಹೋದರು)

ಸೋಮವಾರಪೇಟೆ ಅತ್ತೆ: ಜಗಳ ಆಮೇಲೆ ಆಡಿ, ನಂಗೆ ನಿಜವಾಗ್ಲೂ ಒಂದು ನೋಟಿಸ್ ಬಂದಿದೆ. ಕ್ಯೂರಿಂಗ್ ಮಾಡ್ಸಿ, ಅಂದ್ರೆ ಒಣಗಿದ ಹಣ್ಣಿನ ಸಿಪ್ಪೆ ತೆಗೆಸಿ ಬೀಜ ಮಾಡ್ಸಿ ಮಾರಿದ ಕಾಫಿ ದುಡ್ಡಿನ ವಿಷ್ಯ. ಸೋಮವಾರ ಕೊನೇ ದಿನ ಅಂತಿದೆ (ಫೋಟೋ)

ಕುಶಾಲನಗರ ತಮ್ಮ: ಅತ್ತೆ ಕಣದಲ್ಲಿ ಕಾಫಿ ಚೆರ್ರಿ ತಿರುವಿಸ್ತಿದ್ರಲ್ಲ ನಮ್ಮ ಕೈಲಿ

ಮೈಸೂರು ಪುಟ್ಟಿ: ಇದು ಅಸಲಿನೇ ಅತ್ತೆ, ಡಿಐಎನ್ ನೋಡ್ದೆ. ಬೆಳೆದ ಚೆರ್ರಿ ಒಣಗಿಸಿ ಹಾಗೇ ಮಾರಿದ್ರೆ ಕೃಷಿ ಆದಾಯ, ಕ್ಯೂರಿಂಗ್ ಮಾಡ್ಸಿ ಮಾರಿದ್ರೆ ಇನ್ಕಮ್ ಟ್ಯಾಕ್ಸ್ ರೂಲ್ ಪ್ರಕಾರ ಆದಾಯದಲ್ಲಿ ಶೇ 25 ತೆರಿಗೆ ಲೆಕ್ಕಕ್ಕೆ ಬರುತ್ತೆ, ಮಿಕ್ಕಿದ್ದು ಕೃಷಿನೇ. ಅದನ್ನೇ ಪತ್ರದಲ್ಲಿ ಬರೀರಿ, ಮೇಲೆ ಪ್ಯಾನ್, ಡಿಐಎನ್, ನೋಟಿಸ್ ತಾರೀಖು ಹಾಕಿ, ಕ್ಯೂರಿಂಗ್ ಬಿಲ್ ಜೊತೆಗಿಡಿ. ಪೋಸ್ಟಿಗೆ ಹಾಕ್ಬೇಡಿ, ಪೋರ್ಟಲಲ್ಲಿ ಇ-ಪ್ರೊಸೀಡಿಂಗ್ಸ್ ಅಂತಿದೆ, ಪಿಡಿಎಫ್ ಮಾಡಿ ಅಲ್ಲೇ ಹಾಕ್ಬೇಕು. ಸುಮ್ನೆ ಮಾತ್ರ ಇರ್ಬೇಡಿ ಅತ್ತೆ, ಸುಮ್ನಿದ್ರೆ ಅವ್ರು ಹಾಕಿದ ಲೆಕ್ಕಾನೇ ಖಾಯಂ ಆಗುತ್ತೆ

ದೊಡ್ಡಪ್ಪ: ಸಹಿ ಮರೀಬೇಡ.

ಸೋಮವಾರಪೇಟೆ ಅತ್ತೆ: ಲಾಗಿನ್ ಒಟಿಪಿ ವಿರಾಜಪೇಟೆ ತಮ್ಮನ ಫೋನಿಗೆ ಬರೋದು, ಅವ್ನು ಈಗ ಗ್ರೂಪ್ ಬಿಟ್ಟು ಹೋದ್ನಲ್ಲ

ದೊಡ್ಡಪ್ಪ: ನಾನೇ ಫೋನ್ ಮಾಡ್ತೀನಿ.