ಟಿವಿ ಕ್ವಿಜ್‌ನಲ್ಲಿ ಕೂರುವ ಜಾಗದಿಂದ ಸೋಲು-ಗೆಲುವು ಬದಲಾಗುತ್ತಾ?

ದುರ್ಗದ ಟೀಚರ್:

ನಾನು ಚಿತ್ರದುರ್ಗದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು ಈ ಸಲ ಒಂದು ಟಿವಿ ಕ್ವಿಜ್‌ನ ಸೆಮಿಫೈನಲ್‌ವರೆಗೆ ಹೋಗಿದ್ದರು. ನಾಲ್ಕು ಟೀಮ್. ಚೀಟಿ ಎತ್ತಿದಾಗ ನಮಗೆ ಡಿ ಬಂತು, ಕೊನೇ ಟೇಬಲ್ಲು. ಪಕ್ಕದ ಸಿ ಟೀಮ್ ತುಂಬಾ ಗಟ್ಟಿ, ಉತ್ತರ ಗೊತ್ತಿಲ್ಲ ಅಂತ ಅವರು ಪ್ರಶ್ನೆಯನ್ನು ಮುಂದಿನ ಟೀಮಿಗೆ ಪಾಸ್ ಮಾಡಿದ್ದೇ ಅಪರೂಪ. ನಮ್ಮವರು ತಮ್ಮ ಸರದಿಯಲ್ಲಿ ತಮಗೇ ಕೇಳಿದ ಡೈರೆಕ್ಟ್ ಪ್ರಶ್ನೆಗಳಿಗೆ ಚೆನ್ನಾಗಿಯೇ ಉತ್ತರ ಹೇಳಿದರು. ಆದರೂ 5 ಅಂಕದಲ್ಲಿ ಸೋತರು.

ಈಗ ಪೋಷಕರು "ಡಿ ಟೇಬಲ್ಲು ಆಗಿಬರಲ್ಲ, ಮುಂದಿನ ಸಲ ಎ ಕೇಳಿ" ಅನ್ನುತ್ತಿದ್ದಾರೆ. ಮಕ್ಕಳಿಗೂ ಅದೇ ತಲೆಯಲ್ಲಿ ಕೂತಿದೆ. ಅದೃಷ್ಟದ ಮಾತು ಬಿಡಿ. ಜಾಗಕ್ಕೂ ಅಂಕಕ್ಕೂ ನಿಜವಾಗಿ ಸಂಬಂಧ ಇದೆಯಾ? ಗೊತ್ತಿರುವವರು ಬಿಡಿಸಿ ಹೇಳಿ.

ಮಂಡ್ಯ ಹುಡುಗ:

ಮೇಡಂ, ಜಾಗದಿಂದ ಏನೂ ಆಗಲ್ಲ. ನಾನು ಚಂದನದಲ್ಲಿ ಬರುವ ಥಟ್ ಅಂತ ಹೇಳಿ ಚಿಕ್ಕಂದಿನಿಂದ ನೋಡುತ್ತಿದ್ದೇನೆ. 2002ರಲ್ಲಿ ಶುರುವಾದ ಕಾರ್ಯಕ್ರಮ. ಸೋಮೇಶ್ವರ ಸರ್ ಕೇಳಿದ್ದಕ್ಕೆ ಉತ್ತರ ಗೊತ್ತಿದ್ದವರು ಯಾವ ಕುರ್ಚಿಯಲ್ಲಿ ಕೂತರೂ ಪುಸ್ತಕ ತಗೊಂಡೇ ಹೋಗುತ್ತಾರೆ. ಮಕ್ಕಳಿಗೆ ಓದೋಕೆ ಹೇಳಿ, ಸಾಕು.

ಸ್ಕೋರ್ ಬೋರ್ಡ್, ಬೆಂಗಳೂರು:

ಓದಬೇಕು ಅನ್ನುವುದು ಸರಿ. ಆದರೆ ಜಾಗದಿಂದ ಏನೂ ಆಗಲ್ಲ ಅನ್ನುವುದನ್ನು ನಾನು ಒಪ್ಪಲ್ಲ. ಕಾಲೇಜಿನಲ್ಲಿದ್ದಾಗ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ನಡೆಸುತ್ತಿದ್ದ ಕ್ವಿಜ್‌ಗಳಿಗೆ ಹೋಗುತ್ತಿದ್ದೆ. 1983ರಿಂದ ಬೆಂಗಳೂರಿನಲ್ಲಿರುವ ಸಂಸ್ಥೆ ಅದು. ಆಮೇಲೆ ಶಾಲೆಗಳ ಕ್ವಿಜ್‌ಗಳಲ್ಲಿ ಸ್ಕೋರ್ ಬರೆಯುವ ಕೆಲಸ ಮಾಡಿದೆ. ಈಗಲೂ ಮಾಡುತ್ತೇನೆ. ಸ್ಕೋರ್ ಬರೆಯುವವರಿಗೆ ಅಂಕ ಎಲ್ಲಿಂದ ಬಂತು ಅನ್ನುವುದು ಚೆನ್ನಾಗಿ ಕಾಣುತ್ತದೆ.

ಮೇಡಂ, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ನಿಮಗೆ ತೊಂದರೆಯಾಗಿದ್ದು ಡಿ ಟೇಬಲ್ಲಿನಿಂದಲ್ಲ, ಸರದಿಯಲ್ಲಿ ನಿಮ್ಮ ಹಿಂದಿನ ಸಿ ಟೇಬಲ್ಲಿನಲ್ಲಿ ಗಟ್ಟಿ ಟೀಮ್ ಇದ್ದದ್ದರಿಂದ.

ಲೆಕ್ಕ ಹಾಕೋಣ. ಪ್ರತಿ ಟೀಮಿಗೂ 6 ಡೈರೆಕ್ಟ್ ಪ್ರಶ್ನೆ, ಸರಿ ಉತ್ತರಕ್ಕೆ 10 ಅಂಕ, ಪಾಸ್ ಆಗಿ ಬಂದ ಪ್ರಶ್ನೆಗೆ 5 ಅಂಕ ಅಂತಿಟ್ಟುಕೊಳ್ಳಿ. ಡೈರೆಕ್ಟ್ ಪ್ರಶ್ನೆಯಲ್ಲಿ ಎಲ್ಲರೂ ಸಮ, ಅಲ್ಲಿ ಮೋಸವಿಲ್ಲ. ವ್ಯತ್ಯಾಸ ಬರುವುದು ಪಾಸ್‌ನಲ್ಲಿ. ನಿಮ್ಮ ಹಿಂದಿನ ಟೀಮ್ 6ರಲ್ಲಿ 2ಕ್ಕೆ ಮಾತ್ರ ಉತ್ತರ ಹೇಳಿದರೆ 4 ಪ್ರಶ್ನೆ ಮೊದಲು ನಿಮಗೇ ಬರುತ್ತವೆ. ಅದರಲ್ಲಿ ಅರ್ಧ ಗೊತ್ತಿದ್ದರೂ 10 ಅಂಕ. ಅದೇ ಹಿಂದಿನ ಟೀಮ್ 6ರಲ್ಲಿ 5 ಹೇಳಿಬಿಟ್ಟರೆ ನಿಮಗೆ ಸಿಗುವುದು ಒಂದೇ ಒಂದು ಪ್ರಶ್ನೆ. ಅದೂ ಗಟ್ಟಿ ಟೀಮಿಗೇ ಗೊತ್ತಿಲ್ಲದ ಕಷ್ಟದ ಪ್ರಶ್ನೆ. ನೀವು ಸೋತದ್ದು 5 ಅಂಕದಲ್ಲಿ, ಅಂದರೆ ಒಂದು ಪಾಸ್ ಪ್ರಶ್ನೆ! ನಿಮ್ಮ ಹುಡುಗಿಯರಿಗೆ ದಯವಿಟ್ಟು ಈ ಲೆಕ್ಕ ತೋರಿಸಿ. ಅವರು ದಡ್ಡರೂ ಅಲ್ಲ, ನತದೃಷ್ಟರೂ ಅಲ್ಲ.

ಪಾಸ್ ಆದ ಪ್ರಶ್ನೆಗೆ ಇನ್ನೊಂದು ಲಾಭವೂ ಇದೆ. ಮೊದಲ ಟೀಮ್ 30 ಸೆಕೆಂಡು ತಲೆ ಕೆರೆದುಕೊಳ್ಳುವಾಗ ನೀವೂ ಯೋಚಿಸುತ್ತಿರುತ್ತೀರಿ. ಅವರು ಹೇಳಿದ ತಪ್ಪು ಉತ್ತರವನ್ನು ಬಿಟ್ಟು ಇನ್ನೊಂದನ್ನು ಹುಡುಕಬಹುದು. ಎರಡೇ ಆಯ್ಕೆಗಳ ನಡುವೆ ಒದ್ದಾಡುವಾಗ ಇದು ಬಹಳ ದೊಡ್ಡ ಸಹಾಯ.

ರ‍್ಯಾಪಿಡ್ ಫೈರ್‌ನಲ್ಲಿ (ಒಂದೊಂದು ಟೀಮಿಗೆ ಸರದಿಯಲ್ಲಿ ಪಟಪಟನೆ ಪ್ರಶ್ನೆ ಕೇಳುವ ಸುತ್ತು) ಮಾತ್ರ ಕೊನೆಗೆ ಆಡುವವರಿಗೇ ಅನುಕೂಲ. ಗೆಲ್ಲೋಕೆ ಎಷ್ಟು ಬೇಕು ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ. ತಪ್ಪಿಗೆ ಅಂಕ ಕಳೆಯುವ ನಿಯಮ ಇದ್ದರಂತೂ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಅಂತ ಲೆಕ್ಕ ಹಾಕಿ ಆಡಬಹುದು.

ದುರ್ಗದ ಟೀಚರ್:

ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ದುರ್ಬಲ ಟೀಮಿನ ಪಕ್ಕ ಕೂತರೆ ಯಾವಾಗಲೂ ಒಳ್ಳೆಯದಾ? ಇನ್ನೊಂದು, ನಡುವೆ ಕೂತವರೇ ಜಾಸ್ತಿ ಗೆಲ್ಲುತ್ತಾರೆ ಅಂತ ನಮ್ಮ ಸಹೋದ್ಯೋಗಿಯೊಬ್ಬರು ಹೇಳಿದರು. ಅದು ನಿಜವಾ?

ಸ್ಕೋರ್ ಬೋರ್ಡ್, ಬೆಂಗಳೂರು:

ಯಾವಾಗಲೂ ಅಲ್ಲ ಮೇಡಂ. ನಿಯಮ ಬದಲಾದರೆ ಲೆಕ್ಕ ಪೂರ್ತಿ ತಿರುಗಿಬಿಡುತ್ತದೆ. ಇನ್ಫಿನಿಟ್ ಬೌನ್ಸ್ ಅಂತ ಒಂದು ಪದ್ಧತಿ ಇದೆ. ಅದರಲ್ಲಿ ಡೈರೆಕ್ಟ್, ಪಾಸ್ ಅಂತ ಬೇರೆ ಬೇರೆ ಅಂಕ ಇಲ್ಲ. ಯಾರು ಹೇಳಿದರೂ ಅಷ್ಟೇ ಅಂಕ. ಒಂದು ಟೀಮ್ ಸರಿ ಉತ್ತರ ಹೇಳಿದರೆ ಮುಂದಿನ ಪ್ರಶ್ನೆ ಅದರ ಪಕ್ಕದ ಟೀಮಿನಿಂದ ಶುರು. ಗಟ್ಟಿ ಟೀಮ್ ಪದೇ ಪದೇ ಉತ್ತರ ಹೇಳುತ್ತಿದ್ದರೆ, ಪ್ರತಿ ಸಲವೂ ಹೊಸ ಪ್ರಶ್ನೆ ಮೊದಲು ಬರುವುದು ಅವರ ಮುಂದಿನ ಟೇಬಲ್ಲಿಗೆ. ಸುಲಭದ ಪ್ರಶ್ನೆಗಳೆಲ್ಲ ಅಲ್ಲೇ ಸಿಗುತ್ತವೆ. ನಿಮ್ಮ ಸೆಮಿಫೈನಲ್ ಈ ಪದ್ಧತಿಯಲ್ಲಿ ನಡೆದಿದ್ದರೆ ಆ ಸಿ ಟೀಮಿನ ಪಕ್ಕ ಕೂತದ್ದರಿಂದ ನಿಮ್ಮ ಹುಡುಗಿಯರಿಗೆ ಲಾಭವೇ ಆಗುತ್ತಿತ್ತು.

ಅದಕ್ಕೇ ಒಳ್ಳೆಯ ಕ್ವಿಜ್ ಮಾಸ್ಟರ್‌ಗಳು ಒಟ್ಟು ಪ್ರಶ್ನೆಗಳಲ್ಲಿ ಅರ್ಧ ಮುಗಿದ ಮೇಲೆ ದಿಕ್ಕು ತಿರುಗಿಸುತ್ತಾರೆ. ಎ ಇಂದ ಡಿ ಕಡೆಗೆ ಹೋಗುತ್ತಿದ್ದ ಪ್ರಶ್ನೆ ಆಮೇಲೆ ಡಿ ಇಂದ ಎ ಕಡೆಗೆ. ಆಗ ನಿಮ್ಮ ಎರಡೂ ಪಕ್ಕದವರ ಪ್ರಶ್ನೆ ನಿಮಗೆ ಸಿಗುತ್ತದೆ. ಖರ್ಚಿಲ್ಲ, ಶ್ರಮ ಇಲ್ಲ. ಟಿವಿಯಲ್ಲಿ ಮಕ್ಕಳನ್ನು ಕೂರಿಸಿ ಆಡಿಸುವವರು ಇಷ್ಟೂ ಮಾಡದಿದ್ದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಆ ಮಕ್ಕಳು ವರ್ಷವಿಡೀ ತಯಾರಾಗಿ ಬಂದಿರುತ್ತಾರೆ.

ಸೈಕಾಲಜಿ ಎಂಎ, ಧಾರವಾಡ:

ನಡುವಿನ ಕುರ್ಚಿಯ ಮಾತು ಬಂದಿರುವುದು ಬಹುಶಃ ಒಂದು ಅಧ್ಯಯನದಿಂದ. ಪ್ರಿಯಾ ರಘುಬೀರ್ ಮತ್ತು ಆನಾ ವಾಲೆನ್ಸುವೆಲಾ ಅನ್ನುವವರು 2006ರಲ್ಲಿ ಪ್ರಕಟಿಸಿದ್ದು. 'ದಿ ವೀಕೆಸ್ಟ್ ಲಿಂಕ್' ಅನ್ನುವ ಟಿವಿ ಕ್ವಿಜ್ ಶೋ ನೋಡಿ, ಅರ್ಧ ವೃತ್ತದ ನಡುವೆ ನಿಂತವರು ತುದಿಯವರಿಗಿಂತ ಜಾಸ್ತಿ ಗೆದ್ದಿದ್ದಾರೆ ಅಂತ ತೋರಿಸಿದರು. ಆದರೆ ಆ ಆಟದಲ್ಲಿ ಸ್ಪರ್ಧಿಗಳೇ ವೋಟು ಹಾಕಿ ಒಬ್ಬೊಬ್ಬರನ್ನು ಹೊರಗೆ ಕಳಿಸುತ್ತಾರೆ. ನಡುವೆ ಇದ್ದವರ ತಪ್ಪು ಉಳಿದವರ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ ಅನ್ನುವುದು ಅವರ ವಿವರಣೆ. ಶಾಲಾ ಕ್ವಿಜ್‌ನಲ್ಲಿ ಯಾರೂ ವೋಟು ಹಾಕಲ್ಲ. ಹಾಗಾಗಿ ಅದನ್ನು ಇಲ್ಲಿಗೆ ತರೋಕೆ ಆಗಲ್ಲ.

ಅಕ್ರಾ ಕನ್ನಡಿಗ:

ನಾನಿರುವುದು ಘಾನಾದಲ್ಲಿ. ಇಲ್ಲಿ ಹೈಸ್ಕೂಲ್ ಮಕ್ಕಳಿಗೆ 1993ರಿಂದ ರಾಷ್ಟ್ರೀಯ ವಿಜ್ಞಾನ ಮತ್ತು ಗಣಿತ ಕ್ವಿಜ್ ಇದೆ. ಟಿವಿಯಲ್ಲಿ ಬರುವಾಗ ಊರೇ ಕೂತು ನೋಡುತ್ತದೆ. ಒಂದು ಸ್ಪರ್ಧೆಗೆ ಮೂರು ಶಾಲೆ, ಐದು ಸುತ್ತು. ಸರದಿಯ ಮೇಲೆ ಪ್ರಶ್ನೆ ಬರುವ ಸುತ್ತುಗಳು ಇವೆ. ಆದರೆ ಬೆಲ್ ಒತ್ತುವ ಸುತ್ತು, ಮೂರೂ ಶಾಲೆ ಒಂದೇ ಲೆಕ್ಕವನ್ನು ಒಟ್ಟಿಗೆ ಬಿಡಿಸುವ ಸುತ್ತು, ಕೊನೆಗೆ ಒಗಟಿನ ಸುತ್ತು, ಇವೆಲ್ಲ ಎಲ್ಲರಿಗೂ ಏಕಕಾಲಕ್ಕೆ. ಅಲ್ಲಿ ಪಕ್ಕದಲ್ಲಿ ಯಾರಿದ್ದರೂ ಒಂದೇ.

ಮಂಡ್ಯ ಹುಡುಗ:

ಸ್ಕೋರ್ ಬೋರ್ಡ್ ಸರ್, ಪಾಸ್ ಲೆಕ್ಕ ಒಪ್ಪಿದೆ. ಆದರೆ ಟಿವಿಯಲ್ಲಿ ಎ ಟೇಬಲ್ಲಿನವರೇ ಜಾಸ್ತಿ ಗೆದ್ದ ಹಾಗೆ ಕಾಣುತ್ತದಲ್ಲ, ಅದು ಯಾಕೆ?

ಸ್ಕೋರ್ ಬೋರ್ಡ್, ಬೆಂಗಳೂರು:

ಕೆಲವು ಕ್ವಿಜ್‌ಗಳಲ್ಲಿ ಚೀಟಿ ಎತ್ತಿಸಲ್ಲ. ಲಿಖಿತ ಸುತ್ತಿನಲ್ಲಿ ಮೊದಲು ಬಂದವರನ್ನೇ ಎ ಟೇಬಲ್ಲಿನಲ್ಲಿ ಕೂರಿಸುತ್ತಾರೆ, ಇಲ್ಲವೇ ಹಿಂದಿನ ವಾರ ಗೆದ್ದವರನ್ನು. ಅಲ್ಲಿ ಎ ಗೆಲ್ಲುವುದು ಟೇಬಲ್ಲಿನಿಂದಲ್ಲ, ಕೂತವರಿಂದ. ಚೀಟಿ ಎತ್ತುವ ಕ್ವಿಜ್ ಆದರೆ 40 ಎಪಿಸೋಡ್ ಬರೆದಿಡಿ. ನಾಲ್ಕು ಟೇಬಲ್ಲಿಗೆ ತಲಾ 10 ಗೆಲುವು ಬರಬೇಕು. ಒಂದಕ್ಕೆ 13, ಇನ್ನೊಂದಕ್ಕೆ 7 ಬಂದರೆ ಅದು ಆಕಸ್ಮಿಕವಾಗಿಯೇ ಆಗುವಂಥದ್ದು. 17 ಬಂತು ಅಂದರೆ ಆಗ ನಿಯಮ ತೆಗೆದು ನೋಡಬೇಕು.

ಟೀಚರ್ ಮೇಡಂ, ಮುಂದಿನ ಸಲ ಎ ಟೇಬಲ್ ಕೇಳಬೇಡಿ, ಕೊಡುವುದೂ ಇಲ್ಲ. ಚೀಟಿ ಎತ್ತುವ ಮುಂಚೆ ಪಾಸ್ ಪ್ರಶ್ನೆಗೆ ಎಷ್ಟು ಅಂಕ, ಅದು ಎಷ್ಟು ಟೀಮ್‌ವರೆಗೆ ಹೋಗುತ್ತದೆ, ಅರ್ಧದಲ್ಲಿ ದಿಕ್ಕು ತಿರುಗಿಸುತ್ತಾರಾ ಅಂತ ಕೇಳಿ. ತಿರುಗಿಸಲ್ಲ ಅಂದರೆ ತಿರುಗಿಸಿ ಅಂತ ವಿನಂತಿ ಮಾಡಿ, ಉಳಿದ ಶಾಲೆಯ ಟೀಚರ್‌ಗಳನ್ನೂ ಜೊತೆಗೆ ಕರೆದುಕೊಳ್ಳಿ. ಚಿತ್ರ ತೋರಿಸುವ ಸುತ್ತಿದ್ದರೆ ತುದಿಯ ಟೇಬಲ್ಲಿನಿಂದ ಪರದೆ ಸರಿಯಾಗಿ ಕಾಣುತ್ತದಾ ಅಂತ ಮಕ್ಕಳನ್ನು ಕೂರಿಸಿಯೇ ನೋಡಿ. ಸ್ಟುಡಿಯೋದಲ್ಲಿ ಪರದೆ ಇಡುವುದು ಕ್ಯಾಮೆರಾಗೆ ಅನುಕೂಲವಾಗಲಿ ಅಂತ, ತುದಿಯವರಿಗೆ ಅದು ಓರೆಯಾಗಿ ಕಾಣುತ್ತದೆ. ಟೇಬಲ್ಲಿನ ಮುಂದೆ ಚಿಕ್ಕ ಮಾನಿಟರ್ ಇಡಿಸಿಕೊಳ್ಳಿ. ರೆಕಾರ್ಡಿಂಗ್ ಶುರುವಾದ ಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.