ಪದಚರ್ಚೆ: 'ಸಿವಿಲ್ ಮ್ಯಾಟ್ರು' ಅಂದರೆ ಜನ ಏನು ತಿಳಿಯುತ್ತಾರೆ?

ಬಳಗದವರಿಗೆ ನಮಸ್ಕಾರ.

ದಾವಣಗೆರೆ ಸುತ್ತಿನ ಹಳ್ಳಿಗಳಿಗೆಂದು ಕಾನೂನು ತಿಳಿವಳಿಕೆಯ ಕೈಪಿಡಿ ಬರೆಯುತ್ತಿದ್ದೇನೆ. ಯಾವ ತಕರಾರು ಯಾವ ಕಾನೂನಿಗೆ ಸೇರುತ್ತದೆ ಎಂಬುದೇ ವಿಷಯ. 'ಸಿವಿಲ್' ಎಂಬಲ್ಲಿಗೆ ಬಂದು ನಿಂತಿದ್ದೇನೆ.

ಈ ಪದ ನಮ್ಮ ಕಡೆ ಯಾರಿಗೂ ಹೊಸದಲ್ಲ, ಆದರೆ ಜನ ಅದನ್ನು ಕಲಿತದ್ದು ಠಾಣೆಯಲ್ಲಿ. ಮೆಕ್ಕೆಜೋಳಕ್ಕೆ ವ್ಯಾಪಾರಿ ಕೊಟ್ಟ ಚೆಕ್ಕು ಬೌನ್ಸ್ ಆಯ್ತು ಅಂತ ರೈತ ಹೋದರೆ, "ಯಜಮಾನ್ರೇ, ಇದು ಸಿವಿಲ್ ಮ್ಯಾಟ್ರು, ನಮಗೆ ಬರಲ್ಲ, ಕೋರ್ಟಿಗೆ ಹೋಗ್ರಿ" ಅನ್ನುತ್ತಾರೆ. ಹೀಗಾಗಿ 'ಪೊಲೀಸರು ಕೈಹಾಕದ್ದೆಲ್ಲ ಸಿವಿಲ್' ಎಂಬ ಅರ್ಥ ಕೂತುಬಿಟ್ಟಿದೆ. ಪೊಲೀಸರಿಗೆ ಬರುವುದಿಲ್ಲ ಅನ್ನುವುದೇನೋ ಸರಿ, ಆದರೆ ಅದು ಸಿವಿಲ್ ಅಲ್ಲ. 1881ರ ನೆಗೋಷಿಯಬಲ್ ಇನ್ಸ್‌ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಅಪರಾಧ, ಎರಡು ವರ್ಷದವರೆಗೆ ಜೈಲೂ ಆಗಬಹುದು. ಬ್ಯಾಂಕಿನ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸು, ಅದು ತಲುಪಿ 15 ದಿನದಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ನೇರ ಮ್ಯಾಜಿಸ್ಟ್ರೇಟರ ಮುಂದೆ ದೂರು. 'ಸಿವಿಲ್ ತಾನೆ, ನಿಧಾನ ನೋಡೋಣ' ಎಂದು ಮನೆಗೆ ಬಂದವನಿಗೆ ಈ ಗಡುವು ಕೈತಪ್ಪುತ್ತದೆ. ಅದೇ ಹಣಕ್ಕೆ ವಸೂಲಿ ದಾವೆ ಹೂಡಿದರೆ ಅದು ಸಿವಿಲ್, ಮೂರು ವರ್ಷ ಅವಕಾಶ. ವ್ಯಾಪಾರಿ ಮೊದಲಿಂದಲೇ ಮುಳುಗಿಸುವ ಲೆಕ್ಕದಲ್ಲಿದ್ದ ಅಂತಾದರೆ ವಂಚನೆ: ಹಳೆಯ ಭಾರತೀಯ ದಂಡ ಸಂಹಿತೆಯ 420, ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತೆಯ 318. ಅದು ಠಾಣೆಗೇ ಬರುತ್ತದೆ! (ಅದೇ ರೈತ ಕಳಪೆ ಬೀಜ ಕೊಂಡು ಕೆಟ್ಟರೆ ಗ್ರಾಹಕರ ಆಯೋಗ, ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ.)

ಕೋರ್ಟಿನ ಕಾಗದದಲ್ಲಿ ಈ ವ್ಯತ್ಯಾಸ ಕನ್ನಡದಲ್ಲೇ ಇದೆ. ಸಿವಿಲ್ ಕಡೆ ದಾವೆ, ವಾದಿ, ಪ್ರತಿವಾದಿ. ಅಪರಾಧದ ಕಡೆ ಪಿರ್ಯಾದು, ಪಿರ್ಯಾದಿದಾರ, ಆರೋಪಿ. ಜೀವನಾಂಶಕ್ಕೆ ಅರ್ಜಿದಾರಳು, ಎದುರುದಾರ. ಬಾಯಲ್ಲಿ ಮಾತ್ರ ಎಲ್ಲವೂ 'ಕೇಸ್ ಹಾಕೋದು'.

ಕೈಪಿಡಿಯಲ್ಲಿ 'ಸಿವಿಲ್' ಬದಲು 'ನಾಗರಿಕ ಪ್ರಕರಣ' ಎನ್ನುವುದು ನನಗೆ ಒಗ್ಗಲಿಲ್ಲ, ಸಮಾಜ ಪಾಠದ ಪುಸ್ತಕದಂತಿದೆ. 'ಹಕ್ಕಿನ ವ್ಯಾಜ್ಯ' ಅಂದರೆ ಓದಿದವರು ಹೊಲದ ಪಾಲಿನದ್ದು ಮಾತ್ರ ಅಂದುಕೊಂಡರು. ಸದ್ಯಕ್ಕೆ 'ದಾವೆ', 'ಪಿರ್ಯಾದು' ಎಂದೇ ಎರಡು ತಲೆಬರಹ ಇಟ್ಟಿದ್ದೇನೆ.

ಚಿತ್ರದುರ್ಗ, ಹೊಸದುರ್ಗದ ಕಡೆಯವರೇ, ನಿಮ್ಮಲ್ಲಿ ದಾವೆ ಎಂಬ ಮಾತು ಮನೆಮಾತಿನಲ್ಲಿ ಇದೆಯೇ, ಇಲ್ಲಾ ವಕೀಲರ ಬಾಯಲ್ಲಷ್ಟೇನಾ? ಹರಿಹರದ ಹೊಳೆ ದಾಟಿದರೆ ಹಳೆಯ ಮುಂಬೈ ಪ್ರಾಂತ್ಯ. ರಾಣೆಬೆನ್ನೂರಿನವರು 'ದಿವಾಣಿ' (ಸಿವಿಲ್), 'ಫೌಜದಾರಿ' (ಕ್ರಿಮಿನಲ್) ಎಂಬ ಮಾತುಗಳನ್ನು ಈಗಲೂ ಆಡುತ್ತೀರಾ? ಆಡುವುದಾದರೆ ಯಾವ ವಯಸ್ಸಿನವರು ಎಂಬುದನ್ನೂ ತಿಳಿಸಿ.